ಮೊಣಕಾಲು ಆಪರೇಷನ್ ಆದ ಮೇಲೆ ಮೊಬೈಲ್‌ನಲ್ಲೇ ಫಾಲೋಅಪ್: ವರ್ಷ ಬಳಸಿ ನೋಡಿದ ಅನುಭವ

ಅವ್ವನ ಬಲಗಾಲಿನ ಮೊಣಕಾಲು ಬದಲಿಸಿ ವರ್ಷ ದಾಟಿತು. ಆಪರೇಷನ್ ಆಗಿದ್ದು ಹೈದರಾಬಾದಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ. ನಾವಿರುವುದು ಬೀದರ್ ಜಿಲ್ಲೆ ಭಾಲ್ಕಿ ತಾಲ್ಲೂಕಿನ ಹಳ್ಳಿಯಲ್ಲಿ. ಡಿಸ್ಚಾರ್ಜ್ ದಿನ ನನ್ನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟು, ಮೂರು ತಿಂಗಳು ಎಲ್ಲಾ ಇದರಲ್ಲೇ ಅಂದರು. ವಿಡಿಯೋದಲ್ಲಿ ಫಿಸಿಯೋಥೆರಪಿ, ಗಾಯದ ಫೋಟೋ ಕಳಿಸುವುದು, ದಿನಾ ನೋವಿನ ಲೆಕ್ಕ, ಬೇಕಾದಾಗ ಸರ್ಜನ್ ಜೊತೆ ಮಾತು. ಆಮೇಲೆ ದುಡ್ಡು ಕಟ್ಟಿ ಮುಂದುವರಿಸಿದೆವು.

ಓಡಾಟ ಉಳಿಯಿತು, ಅದರಲ್ಲಿ ಎರಡು ಮಾತಿಲ್ಲ. ಬೀದರಿನಿಂದ ಹೈದರಾಬಾದ್ ಸುಮಾರು 140 ಕಿ.ಮೀ. ಜಹೀರಾಬಾದ್ ತನಕ, ಅಲ್ಲಿಂದ ಮುಂದೆ ಹೆದ್ದಾರಿಯಲ್ಲಿ ತೊಂದರೆ ಇಲ್ಲ. ಪಟಾನ್‌ಚೆರು ಬಂತೆಂದರೆ ಟ್ರಾಫಿಕ್. ಆಪರೇಷನ್ ಆದ ಹೊಸದರಲ್ಲಿ ಅಷ್ಟು ಹೊತ್ತು ಕಾರಿನಲ್ಲಿ ಕಾಲು ಮಡಚಿ ಕೂತರೆ ಬಾವು ಏರುತ್ತದೆ, ರಕ್ತ ಹೆಪ್ಪುಗಟ್ಟುವ ಭಯ ಬೇರೆ. ಹತ್ತು ನಿಮಿಷದ ಮಾತಿಗೆ ಆ ಪ್ರಯಾಣ ಯಾರಿಗೆ ಬೇಕು? ಎರಡು ವಾರದ ಹೊತ್ತಿಗೆ ಗಾಯದ ಪಿನ್ನುಗಳನ್ನೂ ಬೀದರಿನಲ್ಲೇ ತೆಗೆಸಿದೆವು. ಹೈದರಾಬಾದಿನವರು ಫೋಟೋ ನೋಡಿ ಸರಿ ಅಂದರು, ಬೀದರಿನವರು ತೆಗೆದರು.

ಗಾಯದ ಫೋಟೋ ಬಗ್ಗೆ ಒಂದು ಮಾತು. ರಾತ್ರಿ ಟ್ಯೂಬ್‌ಲೈಟ್ ಕೆಳಗೆ ತೆಗೆದ ಫೋಟೋದಲ್ಲಿ ಬಣ್ಣ ಸರಿಯಾಗಿ ಬರುವುದಿಲ್ಲ. ಬೆಳಿಗ್ಗೆ ಕಿಟಕಿ ಹತ್ತಿರ, ಎರಡೂ ಮೊಣಕಾಲು ಒಟ್ಟಿಗೆ ಕಾಣುವ ಹಾಗೆ ತೆಗೆಯಿರಿ ಅಂತ ನರ್ಸ್ ಹೇಳಿಕೊಟ್ಟರು. ಹೋಲಿಸಲು ಇನ್ನೊಂದು ಕಾಲು ಪಕ್ಕದಲ್ಲೇ ಇರಬೇಕಲ್ವಾ? ಅವ್ವನಿಗೆ ಸಕ್ಕರೆ ಕಾಯಿಲೆ ಇದೆ, ಹಾಗಾಗಿ ಸೋಂಕಿನ ಚಿಂತೆ ಜಾಸ್ತಿ. ಹೊಲಿಗೆಯ ಒಂದು ತುದಿಯಲ್ಲಿ ಸ್ವಲ್ಪ ನೀರು ಜಿನುಗಿದಾಗ ಫೋಟೋ ಕಳಿಸಿದೆ. ಅದೇ ದಿನ ಮಧ್ಯಾಹ್ನ ಡ್ರೆಸ್ಸಿಂಗ್ ಬದಲಿಸಲು ಹೇಳಿದರು, ಜ್ವರ ನೋಡುತ್ತಿರಲು ಹೇಳಿದರು, ಮರುದಿನ ತಾವೇ ಫೋನ್ ಮಾಡಿ ಕೇಳಿದರು. ಈ ಸೇವೆಯಲ್ಲಿ ನನಗೆ ಪೂರ್ತಿ ನಂಬಿಕೆ ಬಂದಿದ್ದು ಆ ನರ್ಸ್ ಮೇಲೆ, ಆ್ಯಪ್ ಮೇಲೆ ಅಲ್ಲ.

ಆ್ಯಪ್ ಇರುವುದು ಇಂಗ್ಲಿಷ್, ಹಿಂದಿ, ತೆಲುಗಿನಲ್ಲಿ. ಕನ್ನಡ ಇಲ್ಲ. ದಿನಾ ಬೆಳಿಗ್ಗೆ ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು ಅಂತ ಕೇಳುತ್ತದೆ. "ನೂಸ್ತದ ಅಂದ್ರ ನೂಸ್ತದ, ಅದಕ್ಕೇನು ಮಾರ್ಕ್ಸ್ ಹಾಕ್ಲಿ?" ಅಂತ ಅವ್ವನ ಜಗಳ. ಕೊನೆಗೆ ದಿನಾ ಐದು ಒತ್ತಿ ಮುಗಿಸುತ್ತಿದ್ದಳು. ಆ ಗ್ರಾಫ್ ನೋಡಿ ಯಾರಿಗೆ ಏನು ತಿಳಿದಿದೆಯೋ!

ವಿಡಿಯೋ ಫಿಸಿಯೋದಲ್ಲಿ ನಾನು ಎಣಿಸದ ಲಾಭವೊಂದಿತ್ತು. ಫಿಸಿಯೋ ಮೇಡಂ ಒಂದು ದಿನ ಮನೆಯೆಲ್ಲಾ ತೋರಿಸಿ ಅಂದರು. ಫೋನ್ ಹಿಡಿದು ಓಡಾಡಿದೆ. ನಮ್ಮ ಕಡೆಯ ಮನೆಗಳ ಹಾಗೆ ನೆಲಕ್ಕೆಲ್ಲಾ ಶಹಾಬಾದ್ ಕಲ್ಲು, ಓಡಾಡಿ ಓಡಾಡಿ ನುಣ್ಣಗಾಗಿದೆ. ಬಚ್ಚಲ ಮುಂದೆ ಸದಾ ಒದ್ದೆ. ಅದನ್ನು ನೋಡಿ ಮೇಡಂ ಅಲ್ಲೇ ತಡೆದರು. ರಬ್ಬರ್ ಮ್ಯಾಟ್ ಹಾಕಿ, ಗೋಡೆಗೆ ಹಿಡಿಕೆ ಹಾಕಿಸಿ, ವಾಕರ್ ಕಾಲಿನ ಬುಷ್ ಸವೆದಿದೆ, ಅದನ್ನು ಬದಲಿಸಿ ಅಂದರು. ಹಾಸಿಗೆಯಲ್ಲಿ ಅವ್ವ ಮೊಣಕಾಲಿನ ಕೆಳಗೆ ದಿಂಬು ಇಟ್ಟುಕೊಂಡಿದ್ದು ಕಣ್ಣಿಗೆ ಬಿದ್ದು ಅದನ್ನೂ ತೆಗೆಸಿದರು. ಹಾಗೆ ಇಟ್ಟರೆ ಹಾಯೆನಿಸುತ್ತದೆ, ಆದರೆ ಕಾಲು ಪೂರ್ತಿ ನೇರ ಆಗುವುದೇ ಇಲ್ಲ. ದಿಂಬು ಇಡುವುದಾದರೆ ಹಿಮ್ಮಡಿ ಕೆಳಗೆ. ಅಡುಗೆಮನೆ ನೋಡಿ, ಇನ್ನು ನೆಲದ ಮೇಲೆ ಕೂತು ರೊಟ್ಟಿ ಬಡಿಯುವುದು ಬೇಡ, ನಿಂತು ಕಟ್ಟೆ ಮೇಲೆ ಬಡಿಯಿರಿ ಅಂದರು. ಅವ್ವನಿಗೆ ಇದು ಇವತ್ತಿಗೂ ಸಮಾಧಾನ ಇಲ್ಲ. ಆಸ್ಪತ್ರೆಯಲ್ಲಿ ಕೂತ ಡಾಕ್ಟರಿಗೆ ಇದೆಲ್ಲಾ ಎಲ್ಲಿ ಕಾಣಬೇಕು? ಅಂದಹಾಗೆ, ಮೊದಲು ಕೊಟ್ಟಿದ್ದು ಗಂಡಸು ಫಿಸಿಯೋ. ಅವ್ವ ಸೀರೆ ಮೇಲೆತ್ತಲು ಒಪ್ಪಲೇ ಇಲ್ಲ. ಕೇಳಿದ ಮೇಲೆ ಹೆಂಗಸರನ್ನು ಕೊಟ್ಟರು. ಮೊದಲೇ ಕೇಳಿ.

ಕಾಲು ಎಷ್ಟು ಮಡಚುತ್ತದೆ ಅಂತ ಅಳೆಯುವುದರಲ್ಲಿ ಮಾತ್ರ ಈ ಸೇವೆ ಸೋತಿತು. ಮೊದಲ ವಾರಗಳಲ್ಲಿ 90 ಡಿಗ್ರಿ ಮುಟ್ಟಬೇಕು, ಆಮೇಲೆ 110–120ರ ಕಡೆ ಹೋಗಬೇಕು. ಫೋನನ್ನು ಸ್ಟೀಲ್ ಡಬ್ಬಿಗೆ ಒರಗಿಸಿ ಇಟ್ಟಿರುತ್ತೇವೆ. ಕ್ಯಾಮೆರಾ ಮೊಣಕಾಲಿನ ಎತ್ತರಕ್ಕೆ, ಸರಿಯಾಗಿ ಪಕ್ಕದಿಂದ ಇಲ್ಲದಿದ್ದರೆ ಕೋನ ತಪ್ಪಾಗಿ ಕಾಣುತ್ತದೆ. ಜೊತೆಗೆ ಅವ್ವ ಸೊಂಟ ಎತ್ತಿ ಕಾಲು ಮಡಚಿದ ಹಾಗೆ ತೋರಿಸುತ್ತಿದ್ದಳು. ಸ್ಕ್ರೀನಿನಲ್ಲಿ ನೂರರ ಹತ್ತಿರ ಅಂದಿದ್ದರು. ಬೀದರಿನ ಫಿಸಿಯೋ ಕೋನ ಅಳೆಯುವ ಪಟ್ಟಿ ಇಟ್ಟು ನೋಡಿದರೆ ತೊಂಬತ್ತೂ ಇಲ್ಲ. ಶುರುವಿನ ತಿಂಗಳುಗಳಲ್ಲಿ ಮಡಚದ ಕಾಲು ಬಿಗಿದುಕೊಂಡರೆ ಮತ್ತೆ ಮಂಪರು ಕೊಟ್ಟು ಮಡಚಿಸಬೇಕಾಗಬಹುದು. ಅವತ್ತಿನಿಂದ ವಾರಕ್ಕೆರಡು ಸಲ ಬೀದರಿನ ಫಿಸಿಯೋ ಮನೆಗೆ ಬಂದರು, ವಿಡಿಯೋ ಅವರ ಜೊತೆ ನಡೆಯಿತು. ನೆಟ್‌ವರ್ಕ್ ಕೈಕೊಟ್ಟ ದಿನ ವ್ಯಾಯಾಮದ ವಿಡಿಯೋ ಮಾಡಿ ವಾಟ್ಸಾಪಿಗೆ ಹಾಕಿದರೆ ಅದೇ ವಾಸಿ. ನಿಲ್ಲಿಸಿ ನಿಲ್ಲಿಸಿ ನೋಡಿ ತಪ್ಪು ಹೇಳುತ್ತಿದ್ದರು.

ನನ್ನ ದೊಡ್ಡ ದೂರು ರಾತ್ರಿಯ ವಿಷಯದ್ದು. ಒಂದು ರಾತ್ರಿ ಅವ್ವನ ಮೀನಖಂಡ ಊದಿ ಗಟ್ಟಿಯಾಗಿತ್ತು. "24 ಗಂಟೆ ನಿಮ್ಮ ಜೊತೆ" ಅಂತ ಬರೆದ ಆ್ಯಪಿನಲ್ಲಿ ಮೆಸೇಜ್ ಹಾಕಿದರೆ, ಕಚೇರಿ ವೇಳೆಯಲ್ಲಿ ಉತ್ತರಿಸುತ್ತೇವೆ ಅಂತ ಯಂತ್ರದ ಉತ್ತರ. ಕಾಯದೆ ಬೀದರಿಗೆ ಕರೆದೊಯ್ದು, ರಕ್ತನಾಳದಲ್ಲಿ ಹೆಪ್ಪು ಇದೆಯಾ ಅಂತ ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸಿದೆವು. ಹೆಪ್ಪು ಇರಲಿಲ್ಲ, ಬರೀ ಬಾವು. ಮೀನಖಂಡ ಒಮ್ಮೆಲೇ ಊದಿದರೆ, ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಆ್ಯಪ್ ತೆರೆಯಬೇಡಿ, ಹತ್ತಿರದ ಆಸ್ಪತ್ರೆಗೆ ಹೋಗಿ. ದೂರು ಕೊಟ್ಟೆ, ಸಾರಿ ಅಂದರು. ಆ ಸಾಲು ಆ್ಯಪಿನಲ್ಲಿ ಈಗಲೂ ಹಾಗೇ ಇದೆ.

ಮಾತ್ರೆ ವಿಷಯದಲ್ಲೂ ಮಿತಿ ಇದೆ. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ನಿಯಮಗಳ ಪ್ರಕಾರ ಮಾದಕ ವಸ್ತು ಕಾಯ್ದೆಯ ಪಟ್ಟಿಯಲ್ಲಿರುವ ಔಷಧಿಗಳನ್ನು ವಿಡಿಯೋದಲ್ಲಿ ಬರೆದುಕೊಡುವಂತಿಲ್ಲ. ಕೆಲವು ಜೋರಾದ ನೋವಿನ ಮಾತ್ರೆಗಳು ಅದರಲ್ಲೇ ಬರುತ್ತವೆ. ಎಕ್ಸ್‌ರೇ ಮಾತ್ರ ಇಲ್ಲೇ ತೆಗೆಸಬಹುದು. ಫಿಲ್ಮಿನ ಫೋಟೋ ಕಳಿಸಬೇಡಿ, ಲ್ಯಾಬಿನಿಂದ ಮೂಲ ಫೈಲ್ ಕೇಳಿ ಕಳಿಸಿ.

ದುಡ್ಡು? ಮೊದಲ ಮೂರು ತಿಂಗಳಿಗೆ ಕೊಟ್ಟಿದ್ದು ಸಾರ್ಥಕ. ಆಮೇಲಿನ ತಿಂಗಳುಗಳಲ್ಲಿ ಬರೀ "ಇವತ್ತು ನಡೆದಿರಾ?" ಅನ್ನುವ ಮೆಸೇಜ್, ಅದಕ್ಕೆ ಸುಮ್ನೆ ದುಡ್ಡು. ಮೊಣಕಾಲಿಗೆ ಕೂರಿಸುವ ಕೃತಕ ಕೀಲಿನ (ಇಂಪ್ಲಾಂಟ್) ಬೆಲೆಗೆ ಸರ್ಕಾರ 2017ರ ಆಗಸ್ಟ್‌ನಲ್ಲೇ ಮಿತಿ ಹಾಕಿದೆ, ಆದರೆ ಪ್ಯಾಕೇಜಿನ ಉಳಿದ ಸಾಲುಗಳಿಗೆ ಆ ಮಿತಿ ಇಲ್ಲ. ಬಿಲ್ಲಿನಲ್ಲಿ ಡಿಜಿಟಲ್ ಕೇರ್ ಅಂತೇನಾದರೂ ಇದ್ದರೆ ಬಿಡಿಸಿ ಕೇಳಿ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಮನೆಯಲ್ಲಿ ಫೋನ್ ಹಿಡಿಯಲು ಒಬ್ಬರು, ಊರ ಹತ್ತಿರ ಕೈಯಿಟ್ಟು ನೋಡುವ ಫಿಸಿಯೋ ಒಬ್ಬರು ಇದ್ದರೆ ತಗೊಳ್ಳಿ. ವಯಸ್ಸಾದವರು ಒಬ್ಬರೇ ಇರುವ ಮನೆಗೆ ಬೇಡ. ಅವ್ವನ ಎಡಗಾಲಿಗೂ ದೀಪಾವಳಿ ನಂತರ ಆಪರೇಷನ್. ಆಸ್ಪತ್ರೆ ಅದೇ, ನರ್ಸ್ ಅವರೇ ಬೇಕು ಅಂತ ಹೇಳಿಟ್ಟಿದ್ದೇವೆ, ಪ್ಯಾಕೇಜ್ ಮಾತ್ರ ಮೂರೇ ತಿಂಗಳಿನದು.