ಫ್ಯಾಕ್ಟರಿ ಕೌಂಟರಿನ ಅರ್ಧ ಕೆ.ಜಿ. ಗೋಡಂಬಿ: ಸರಕು ಹೇಗಿದೆ, ಬೆಲೆಯೊಳಗೆ ಯಾರ ಪಾಲು ಎಷ್ಟು

ಮಂಗಳೂರು, ಕಾರ್ಕಳ, ಉಡುಪಿ, ಕುಂದಾಪುರ ಕಡೆಯ ಗೇರುಬೀಜದ ಫ್ಯಾಕ್ಟರಿಗಳಲ್ಲಿ ಕೆಲವು ತಮ್ಮದೇ ಕೌಂಟರ್ ಇಟ್ಟು ಚಿಲ್ಲರೆ ಮಾರುತ್ತವೆ. ಅಲ್ಲಿ ಹೆಚ್ಚು ಖರ್ಚಾಗುವ ಡಬ್ಲ್ಯೂ 320 ಗ್ರೇಡಿನ ಅರ್ಧ ಕೆ.ಜಿ. ಪೊಟ್ಟಣದ ವಿಮರ್ಶೆ ಇದು. ಸರಕಿನ ಬಗ್ಗೆ ದೊಡ್ಡ ತಕರಾರಿಲ್ಲ, ಧೈರ್ಯವಾಗಿ ಕೊಳ್ಳಬಹುದು. ಬೆಲೆಯ ಬಗ್ಗೆ ಮಾತ್ರ ಬಿಡಿಸಿ ಹೇಳಬೇಕು. ಆ ಬೆಲೆಯ ಹಿಂದೆ ಎರಡು ಆಮದು ಸುಂಕಗಳಿವೆ. ಒಂದು ಸರ್ಕಾರಕ್ಕೆ ಹೋಗುತ್ತದೆ, ಇನ್ನೊಂದು ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ.

ಮೊದಲು ಗ್ರೇಡ್. ಡಬ್ಲ್ಯೂ ಅಂದರೆ ಬಿಳಿ ಇಡೀ ಬೀಜ. ಮುಂದಿನ ಸಂಖ್ಯೆ ಒಂದು ಪೌಂಡಿಗೆ, ಅಂದರೆ 454 ಗ್ರಾಂಗೆ, ಎಷ್ಟು ಬೀಜ ಬರುತ್ತದೆ ಎಂಬುದು. ಡಬ್ಲ್ಯೂ 320ರಲ್ಲಿ 300ರಿಂದ 320, ಡಬ್ಲ್ಯೂ 240ರಲ್ಲಿ 220ರಿಂದ 240, ಡಬ್ಲ್ಯೂ 450ರಲ್ಲಿ 400ರಿಂದ 450. ಮನೆಯಲ್ಲಿ ಪರೀಕ್ಷೆ ಸುಲಭ: ಅಡುಗೆಮನೆಯ ತಕ್ಕಡಿಯಲ್ಲಿ 100 ಗ್ರಾಂ ತೂಗಿ ಎಣಿಸಿ. 66ರಿಂದ 71 ಬಂದರೆ 320 ಸರಿ. 80 ದಾಟಿತೋ, ಸಣ್ಣ ಬೀಜ ಬೆರೆತಿದೆ. ಫ್ಯಾಕ್ಟರಿ ಕೌಂಟರಿನ ಸೀಲ್ ಮಾಡಿದ ಪೊಟ್ಟಣದಲ್ಲಿ ಈ ಬೆರಕೆ ಕಡಿಮೆ. ಪೇಟೆಯಲ್ಲಿ ಡಬ್ಬದಿಂದ ತೂಗಿ ಕೊಡುವ ಕಡೆ ಎಣಿಸಿಯೇ ನೋಡಬೇಕು.

ಒಳ್ಳೆಯ ಬೀಜ ದಂತದ ಬಣ್ಣದ್ದು, ಮುರಿದರೆ ಟಕ್ಕೆಂದು ಮುರಿಯುತ್ತದೆ. ಬಾಗಿ ರಬ್ಬರಿನಂತಾದರೆ ತೇವಾಂಶ ಶೇ 5 ಮೀರಿದೆ: ಬೋರ್ಮಾದಲ್ಲಿ (ತಿರುಳು ಒಣಗಿಸುವ ಬಿಸಿ ಕೋಣೆ) ಒಣಗಿಸಿದ್ದು ಸಾಲದು, ಇಲ್ಲವೇ ಮಳೆಗಾಲದಲ್ಲಿ ಪೊಟ್ಟಣ ತೆರೆದಿಟ್ಟದ್ದು. ಕಂದು ಛಾಯೆ ಬಂದಿದ್ದರೆ ಶಾಖ ಹೆಚ್ಚಾಗಿದೆ. ಅದು ಸ್ಕಾರ್ಚ್ಡ್ ಗ್ರೇಡ್, ಬಿಳಿಯ ಬೆಲೆ ಕೊಡಬೇಕಿಲ್ಲ. ಕಮಟು ವಾಸನೆ ಹಳೆಯ ದಾಸ್ತಾನಿನ ಲಕ್ಷಣ. ಹೊಟ್ಟೆಯ ಮಡಿಕೆಯಲ್ಲಿ ಕಪ್ಪು ಕಲೆ ಇದ್ದರೆ ಒಡೆಯುವಾಗ ಚಿಪ್ಪಿನ ಎಣ್ಣೆ ತಾಗಿರಬಹುದು. ಅಂಥದ್ದನ್ನು ತಿನ್ನಬೇಡಿ, ಆ ಎಣ್ಣೆ ಬಾಯಿ ಸುಡುತ್ತದೆ.

ಪಾಯಸಕ್ಕೋ ಶಿರಾಕ್ಕೋ ಡಬ್ಲ್ಯೂ 240 ಕೊಳ್ಳುವುದು ದಂಡ. ಎರಡು ಹೋಳಾದ ಸ್ಪ್ಲಿಟ್‌ನಲ್ಲಿ ಇರುವುದೂ ಅದೇ ತಿರುಳು, ತುಪ್ಪದಲ್ಲಿ ಇನ್ನೂ ಸಮನಾಗಿ ಕೆಂಪಗಾಗುತ್ತದೆ. ಗ್ರೇವಿಗೆ ಅರೆಯುವುದಾದರೆ ತುಂಡೇ ಸಾಕು. ಇಡೀ ಬೀಜಕ್ಕೆ ಕೊಡುವ ಹೆಚ್ಚಿನ ದುಡ್ಡು ಬರೀ ನೋಟಕ್ಕೆ.

ಈಗ ಸುಂಕ. ನಮ್ಮ ಫ್ಯಾಕ್ಟರಿಗಳಿಗೆ ಬೇಕಾದಷ್ಟು ಬೀಜ ನಮ್ಮ ಗುಡ್ಡಗಳಲ್ಲಿ ಆಗುವುದಿಲ್ಲ. ಐವರಿ ಕೋಸ್ಟ್, ಘಾನಾ, ಗಿನಿ-ಬಿಸ್ಸಾವ್, ತಾಂಜಾನಿಯಾಗಳಿಂದ ಚಿಪ್ಪುಸಹಿತ ಕಚ್ಚಾ ಬೀಜ ಹಡಗಿನಲ್ಲಿ ಬರುತ್ತದೆ. ಅದರ ಮೇಲಿನ ಮೂಲ ಕಸ್ಟಮ್ಸ್ ಸುಂಕ 2018ರ ಬಜೆಟ್‌ನಲ್ಲಿ ಶೇ 5ರಿಂದ ಶೇ 2.5ಕ್ಕೆ ಇಳಿಯಿತು. ಸುಲಿದ ತಿರುಳಿಗೆ ಬೇರೆಯೇ ನ್ಯಾಯ: 2019ರ ಜುಲೈ ಬಜೆಟ್‌ನಲ್ಲಿ ಅದರ ಸುಂಕ ಶೇ 45ರಿಂದ ಶೇ 70ಕ್ಕೆ ಏರಿತು. ಅದಕ್ಕೂ ಒಂದು ತಿಂಗಳು ಮೊದಲು ಕನಿಷ್ಠ ಆಮದು ಬೆಲೆಯನ್ನು ಇಡೀ ಬೀಜಕ್ಕೆ ಕೆ.ಜಿ.ಗೆ 720 ರೂ., ತುಂಡಿಗೆ 680 ರೂ. ಮಾಡಿ, ಅದಕ್ಕಿಂತ ಅಗ್ಗದ ಆಮದನ್ನೇ ನಿಷೇಧಿಸಲಾಯಿತು.

ಇದು ತೆರಿಗೆಯೇ? ಸಂದೇಹವೇ ಬೇಡ. ಸಂವಿಧಾನದ ಕೇಂದ್ರ ಪಟ್ಟಿಯ 83ನೇ ನಮೂದಿನಲ್ಲಿ, ಉಳಿದ ತೆರಿಗೆಗಳ ಸಾಲಿನಲ್ಲೇ ಕಸ್ಟಮ್ಸ್ ಸುಂಕ ಇದೆ. ಕಟ್ಟುವವನು ಆಫ್ರಿಕಾದ ಮಾರಾಟಗಾರನಲ್ಲ. ಬಿಲ್ ಆಫ್ ಎಂಟ್ರಿ (ಕಸ್ಟಮ್ಸ್‌ಗೆ ಕೊಡುವ ಆಮದಿನ ವಿವರಪತ್ರ) ಸಲ್ಲಿಸಿ ಕಂಟೇನರ್ ಬಿಡಿಸಿಕೊಳ್ಳುವ ಇಲ್ಲಿನ ಆಮದುದಾರ. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕಿನ ಮೇಲೆ ಒಟ್ಟು ಶೇ 50ರಷ್ಟು ಸುಂಕ ಹಾಕಿದಾಗಲೂ ಅಲ್ಲಿನ ಕಸ್ಟಮ್ಸ್‌ಗೆ ದುಡ್ಡು ಕಟ್ಟಬೇಕಾದವರು ಅಮೆರಿಕದ ಆಮದುದಾರರೇ. ಆ ಭಾರದಲ್ಲಿ ಒಂದಿಷ್ಟನ್ನು ಬೆಲೆ ಇಳಿಸಿ ಇಲ್ಲಿನ ರಫ್ತುದಾರನ ತಲೆಗೆ ಕಟ್ಟಲು ನೋಡುತ್ತಾರೆ, ಅದು ಚೌಕಾಸಿಯ ಮಾತು. ಆಮದಿನ ಮೇಲಿನ ಜಿಎಸ್‌ಟಿ, ಅಂದರೆ ಐಜಿಎಸ್‌ಟಿ, ಫ್ಯಾಕ್ಟರಿಗೆ ಕ್ರೆಡಿಟ್ ಆಗಿ ವಾಪಸ್ ಸಿಗುತ್ತದೆ. ಕಸ್ಟಮ್ಸ್ ಸುಂಕಕ್ಕೆ ಆ ಸೌಲಭ್ಯ ಇಲ್ಲ, ನೇರ ಖರ್ಚಿಗೆ ಸೇರುತ್ತದೆ.

ನಿಮ್ಮ ಪೊಟ್ಟಣದಲ್ಲಿ ಅದು ಎಷ್ಟು? ಔಟ್‌ಟರ್ನ್ 48ರ ಬೀಜ ಎಂದಿಟ್ಟುಕೊಳ್ಳಿ. ಅಂದರೆ 80 ಕೆ.ಜಿ. ಚೀಲದಿಂದ 48 ಪೌಂಡ್, ಸುಮಾರು 21.8 ಕೆ.ಜಿ. ತಿರುಳು. ಒಂದು ಕೆ.ಜಿ. ತಿರುಳಿಗೆ 3.7 ಕೆ.ಜಿ. ಕಚ್ಚಾ ಬೀಜ ಬೇಕು. ಕಚ್ಚಾ ಬೀಜ ಬಂದರಿಗೆ ಬಂದಾಗ ಕೆ.ಜಿ.ಗೆ 120 ರೂ. ಬಿದ್ದರೆ ಶೇ 2.5ರ ಸುಂಕ 3 ರೂ. ಒಂದು ಕೆ.ಜಿ. ತಿರುಳಿಗೆ 11 ರೂ., ಅರ್ಧ ಕೆ.ಜಿ.ಗೆ ಐದೂವರೆ. ಮೂಲ ಕಸ್ಟಮ್ಸ್ ಸುಂಕವಾಗಿ ಸರ್ಕಾರಕ್ಕೆ ಹೋಗುವುದು ಇಷ್ಟೇ.

ದೊಡ್ಡದು ಎರಡನೆಯದು, ಯಾರೂ ಕಟ್ಟದ ಸುಂಕ. ಹೊರಗಿನ ಇಡೀ ತಿರುಳು 720 ರೂ.ಗಿಂತ ಕೆಳಗೆ ಬರುವಂತಿಲ್ಲ. ಅದರ ಮೇಲೆ ಶೇ 70, ಅಂದರೆ 504 ರೂ. ಮೂಲ ಸುಂಕವಷ್ಟೇ ಸೇರಿಸಿದರೂ ಬಂದರಿನಲ್ಲೇ 1,224 ರೂ., ಅರ್ಧ ಕೆ.ಜಿ.ಗೆ 612. ಒಪ್ಪಂದದ ಮೇಲೆ ಸುಂಕದ ರಿಯಾಯಿತಿ ಸಿಕ್ಕರೂ 720ರ ಕಟ್ಟು ಉಳಿದೇ ಇರುತ್ತದೆ. ಹಾಗಾಗಿ ವಿಯೆಟ್ನಾಂನ ಯಂತ್ರಗಳಲ್ಲಿ ಅಗ್ಗವಾಗಿ ಸುಲಿದ ತಿರುಳು ಇಲ್ಲಿನ ಪೇಟೆಯಲ್ಲಿ ನೇರ ದಾರಿಯಿಂದ ಸ್ಪರ್ಧಿಸಲಾಗದು. ಸ್ಪರ್ಧೆ ಇಲ್ಲದ್ದರಿಂದ ಇಲ್ಲಿನ ಬೆಲೆ ಎಷ್ಟು ಮೇಲೆ ನಿಲ್ಲುತ್ತದೋ ಅಷ್ಟನ್ನು ಗಿರಾಕಿ ಕೊಡುತ್ತಾನೆ, ಆದರೆ ಅದು ಖಜಾನೆಗೆ ಹೋಗದೆ ಫ್ಯಾಕ್ಟರಿಯಲ್ಲಿ ಉಳಿಯುತ್ತದೆ. ಪೂರ್ತಿ 504 ರೂ. ಅಲ್ಲ, ಅದನ್ನೂ ಹೇಳಬೇಕು. ಫ್ಯಾಕ್ಟರಿಗಳು ಬಹಳ ಇವೆ, ಪರಸ್ಪರ ಪೈಪೋಟಿಯೂ ಜೋರು. ಸಾಮಾನ್ಯವಾಗಿ ಡಬ್ಲ್ಯೂ 320 ಅರ್ಧ ಕೆ.ಜಿ.ಗೆ 612ಕ್ಕಿಂತ ಕೆಳಗೇ ಸಿಗುವುದು ಆ ಪೈಪೋಟಿಯಿಂದ, ಸುಂಕದ ದಯೆಯಿಂದಲ್ಲ.

ಇದರಲ್ಲಿ ಪುತ್ತೂರು, ಬೆಳ್ತಂಗಡಿ, ಬೈಂದೂರಿನ ಬೆಳೆಗಾರನಿಗೇನು? ಅವನು ಮಾರುವುದು ಚಿಪ್ಪುಸಹಿತ ಬೀಜ. ಅವನ ರಕ್ಷಣೆ ಶೇ 2.5, ಕೆ.ಜಿ.ಗೆ ಅದೇ 3 ರೂ. ಒಡೆದು ಸುಲಿಯುವ ಹಂತಕ್ಕೆ ಶೇ 70ರ ಬೇಲಿ, ಬೆಳೆಯುವ ಹಂತಕ್ಕೆ ಬೇಲಿಯೇ ಇಲ್ಲದಂತೆ. ಫ್ಯಾಕ್ಟರಿ ಮುಚ್ಚಿದರೆ ಬೆಳೆಗಾರನ ಬೀಜ ಕೊಳ್ಳುವವರಿಲ್ಲ, ಸಿಪ್ಪೆ ತೆಗೆದು ಗ್ರೇಡ್ ಮಾಡುವ ಹೆಂಗಸರ ಕೂಲಿಯೂ ಹೋಗುತ್ತದೆ ಎಂಬ ವಾದದಲ್ಲಿ ನಿಜವಿದೆ, ಆ ಕೂಲಿ ಉಳಿಯಲೇಬೇಕು. ಆದರೆ ಸುಂಕದ ಆದೇಶದಲ್ಲಿ ಕೂಲಿ ಇಷ್ಟಿರಬೇಕು, ಊರಿನ ಬೀಜಕ್ಕೆ ಇಷ್ಟು ಬೆಲೆ ಕೊಡಬೇಕು ಎಂಬ ಷರತ್ತು ಇಲ್ಲ. ‘ರೈತರ ಹಿತಕ್ಕಾಗಿ ಸುಂಕ’ ಎಂಬ ಮಾತನ್ನು ಗೋಡಂಬಿಯ ಮಟ್ಟಿಗೆ ಒಪ್ಪಲಾಗದು.

ಪೊಟ್ಟಣದ ಮೇಲಿನ ಒಂದು ಕೊರತೆಯೂ ಇಲ್ಲಿಗೇ ಸೇರುತ್ತದೆ. ಗ್ರೇಡ್, ತೂಕ, ತಾರೀಖು ಎಲ್ಲ ಇರುತ್ತದೆ. ಬೀಜ ಊರಿನದೋ ಆಫ್ರಿಕಾದ್ದೋ ಎಂಬುದು ಸಾಮಾನ್ಯವಾಗಿ ಇರುವುದಿಲ್ಲ. ಕೌಂಟರಿನಲ್ಲಿ ಕೇಳಿ, ಗೊತ್ತಿರುವವರು ಹೇಳುತ್ತಾರೆ. ಊರಿನ ಬೀಜದ ಕೊಯ್ಲು ಫೆಬ್ರವರಿ ಕೊನೆಯಿಂದ ಮೇವರೆಗೆ. ಆ ಬೀಜವೇ ಬೇಕೆಂದರೆ ಏಪ್ರಿಲ್‌ನಿಂದ ಜುಲೈ ಒಳಗೆ, ಪ್ಯಾಕ್ ಮಾಡಿದ ತಾರೀಖು ನೋಡಿ ಕೊಳ್ಳಿ. ತೆರೆದ ಮೇಲೆ ಗಾಳಿಯಾಡದ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ಮೆತ್ತಗಾದರೆ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಗೆ ಐದಾರು ನಿಮಿಷ ಕೈಯಾಡಿಸಿ, ಪೂರ್ತಿ ಆರಿದ ಮೇಲೆ ಮುಚ್ಚಳ ಹಾಕಿ.