ತಾಉಲ್ ಚರ್ಚಿನ ಕಲ್ಲಿನ ಕಿಟ್: ಕೊಳ್ಳಬಹುದಾ?

ಸ್ಪೇನ್ ದೇಶದ ತಾಉಲ್ ಹಳ್ಳಿಯಲ್ಲಿ ಸಾಂತ್ ಕ್ಲಿಮೆಂಟ್ ಅಂತ ಹಳೆಯ ಕ್ಯಾಥೊಲಿಕ್ ಚರ್ಚ್ ಇದೆ. ಅದನ್ನು ಪುಟ್ಟ ಪುಟ್ಟ ಕಲ್ಲಿನ ತುಂಡುಗಳಿಂದ ಮನೆಯಲ್ಲೇ ಕಟ್ಟುವ ಕಿಟ್ ಇದು. ಆನ್‌ಲೈನ್‌ನಲ್ಲಿ ತರಿಸಿದ್ದು ಒಂಬತ್ತನೇ ಕ್ಲಾಸಿನ ಮಗಳಿಗೆ. ಬಾಗಲಕೋಟೆ ನವನಗರದಲ್ಲಿ ಮನೆ ಕಟ್ಟಿಸಿ ಕೊಡುವುದು ನನ್ನ ಕಸುಬು, ಹಾಗಾಗಿ ಪೆಟ್ಟಿಗೆ ಬಿಚ್ಚಿದ ಮೇಲೆ ನಾನೂ ಪಕ್ಕದಲ್ಲಿ ಕೂತೆ.

ಮೊದಲೇ ಹೇಳಿಬಿಡುತ್ತೇನೆ, ಕೊಳ್ಳಿ. ಕಟ್ಟಡ ಅಂದರೆ ಏನು ಅಂತ ಮಕ್ಕಳಿಗೆ ಕೈಯಿಂದಲೇ ಗೊತ್ತಾಗುತ್ತದೆ.

ಚರ್ಚ್ ಇರುವುದು ಪಿರನೀಸ್ ಬೆಟ್ಟಗಳ ನಡುವಿನ ಬೋಯಿ ಕಣಿವೆಯಲ್ಲಿ. 1123ರ ಡಿಸೆಂಬರ್ 10ರಂದು ಬಿಷಪ್ ರಾಮೋನ್ ಇದರ ಪ್ರತಿಷ್ಠೆ ಮಾಡಿದ. ಮರುದಿನವೇ ಅದೇ ಊರಿನ ಸಾಂತಾ ಮರಿಯಾ ಚರ್ಚಿನ ಪ್ರತಿಷ್ಠೆಯೂ ಆಯಿತು. ನಮ್ಮ ಕಡೆ ಆಗ ಆರನೇ ವಿಕ್ರಮಾದಿತ್ಯ ಆಳುತ್ತಿದ್ದ. ಇಟಗಿಯ ಮಹಾದೇವ ಗುಡಿ 1112ರದು. ಎರಡೂ ಹೆಚ್ಚು ಕಡಿಮೆ ಒಂದೇ ಕಾಲದವು, ಆದರೆ ಕೆಲಸ ಎಷ್ಟು ಬೇರೆ ನೋಡಿ! ಇಟಗಿಯಲ್ಲಿ ಕಂಬ ಕನ್ನಡಿಯಂತೆ ಹೊಳೆಯುತ್ತದೆ. ತಾಉಲ್‌ನಲ್ಲಿ ಸಣ್ಣ ಸಣ್ಣ ಕಲ್ಲುಗಳನ್ನು ಸುತ್ತಲೂ ಸುಣ್ಣದ ಗಾರೆಯಲ್ಲಿ ಕೂರಿಸಿ ದುಂಡು ಕಂಬ ಎಬ್ಬಿಸಿದ್ದಾರೆ. ಆ ಕಂಬಗಳ ಮೇಲೆ ಭಾರದ ಕಲ್ಲಿನ ಚಾವಣಿ ಇಲ್ಲ, ಮರದ ಮಾಡು ಇದೆ.

ಕಿಟ್‌ನಲ್ಲಿ ನನಗೆ ತುಂಬಾ ಹಿಡಿಸಿದ್ದು ಗೋಪುರ. ಆರು ಅಂತಸ್ತು, ಚೌಕಾಕಾರ, ಚರ್ಚಿನ ಮೂಲೆಗೆ ಅಂಟಿ ನಿಂತಿದೆ. ಮೂಲೆಯಲ್ಲಿ ಒಂದು ಸಾಲು ಉದ್ದ ಕಲ್ಲು, ಮೇಲಿನ ಸಾಲು ಗಿಡ್ಡ ಕಲ್ಲು. ಹೀಗೆ ಒಂದು ಸಾಲಿನ ಜಾಯಿಂಟ್ ಮೇಲೆ ಇನ್ನೊಂದರ ಜಾಯಿಂಟ್ ಬಾರದಂತೆ ಇಡದಿದ್ದರೆ ಮೂಲೆ ಬಿಟ್ಟುಕೊಳ್ಳುತ್ತದೆ. ಮಗಳಿಗೆ ಇದನ್ನು ನಾನು ಹೇಳಬೇಕಾಗಲಿಲ್ಲ. ನಾಲ್ಕನೇ ಸಾಲಿಗೆ ಅವಳೇ "ಅಪ್ಪಾ, ಇಲ್ಲಿ ಗಿಡ್ಡದ್ದು ಬರಬೇಕು" ಅಂದಳು. ಪ್ರತಿ ಅಂತಸ್ತಿನ ಮೇಲೆ ಸಾಲಾಗಿ ಪುಟ್ಟ ಕುರುಡು ಕಮಾನುಗಳಿವೆ, ಅಂದರೆ ತೆರಪಿಲ್ಲದೆ ಗೋಡೆಗೇ ಅಂಟಿಕೊಂಡ ಅಲಂಕಾರದ ಕಮಾನುಗಳು. ಉತ್ತರ ಇಟಲಿಯ ಲೊಂಬಾರ್ಡಿಯಿಂದ ಹಬ್ಬಿದ ಶೈಲಿ ಅದು. ಆ ಕಮಾನಿನ ತುಂಡುಗಳು ಅಕ್ಕಿಕಾಳಿನಷ್ಟೇ ಇವೆ. ಚಿಮಟಿಗೆಯಿಂದ ಹಿಡಿದು, ಉಸಿರು ಬಿಗಿಹಿಡಿದು ಕೂರಿಸಬೇಕು. ಬೇಸರ ಬರುವ ಕೆಲಸ ಅಲ್ಲವೇ ಅಲ್ಲ.

ಚರ್ಚಿನ ಹಿಂಭಾಗ ಅರ್ಧ ದುಂಡಾಗಿದೆ, ಅಂಥವು ಮೂರು. ಅವನ್ನು ಕಟ್ಟುವಾಗ ಇಬ್ಬರಿಗೂ ಐಹೊಳೆಯ ದುರ್ಗ ಗುಡಿಯ ಬೆನ್ನು ನೆನಪಾಯಿತು. ಅಲ್ಲೂ ಗರ್ಭಗುಡಿ ಇರುವ ಕಡೆಯೇ ದುಂಡು. ಇಲ್ಲಿ ಪೂಜಾಪೀಠ ಇರುವ ಕಡೆ. ನೇರ ಗೋಡೆಗಿಂತ ದುಂಡು ಗೋಡೆಗೆ ಜಾಸ್ತಿ ಸಮಯ ಬೇಕು, ದಾರ ಕಟ್ಟಿ ಸಾಲು ನೋಡಲು ಆಗುವುದಿಲ್ಲ. ಇದನ್ನು ಯಾವ ಗೌಂಡಿಯನ್ನು ಕೇಳಿದರೂ ಹೇಳುತ್ತಾನೆ.

ಈಗ ಕೊರತೆ. ಒಳಗೆ ರಟ್ಟಿನ ಚೌಕಟ್ಟು ಇಟ್ಟು ಅದರ ಮೇಲೆ ಕಲ್ಲು ಅಂಟಿಸುವುದರಿಂದ ಭಾರವನ್ನೆಲ್ಲ ರಟ್ಟೇ ಹೊರುತ್ತದೆ. ಗೋಡೆ ಯಾಕೆ ಅಷ್ಟು ದಪ್ಪ, ಕಿಟಕಿ ಯಾಕೆ ಅಷ್ಟು ಕಿರಿದು ಎನ್ನುವುದು ತಿಳಿಯುವುದಿಲ್ಲ.

ಅದಕ್ಕಿಂತ ದೊಡ್ಡ ಕೊರತೆ, ಒಳಭಾಗ ಪೂರ್ತಿ ಮುಚ್ಚಿಹೋಗುತ್ತದೆ. ಈ ಚರ್ಚ್ ಜಗತ್ತಿಗೆ ಗೊತ್ತಾಗಿದ್ದೇ ನಡುವಿನ ದುಂಡು ಗೋಡೆಯ ಕ್ರಿಸ್ತನ ಚಿತ್ರದಿಂದ. ಕೈಯಲ್ಲಿ ತೆರೆದ ಪುಸ್ತಕ, ಅದರಲ್ಲಿ 'ನಾನೇ ಲೋಕದ ಬೆಳಕು' ಎಂದು ಲ್ಯಾಟಿನ್ ಬರಹ. ಕಣಿವೆಯ ಚಿತ್ರಗಳು ಪರದೇಶಕ್ಕೆ ಮಾರಾಟವಾಗಿ ಹೋಗದಿರಲಿ ಎಂದು 1919ರಿಂದ 1923ರ ನಡುವೆ ಗೋಡೆಗೆ ಅಂಟು ಹಚ್ಚಿದ ಬಟ್ಟೆ ಹಾಕಿ, ಬಣ್ಣದ ಪದರವನ್ನೇ ಎಬ್ಬಿಸಿ ಬಾರ್ಸಿಲೋನಾಕ್ಕೆ ಒಯ್ದರು. ಈಗ ಅವು ಅಲ್ಲಿನ ಮ್ಯೂಸಿಯಂನಲ್ಲಿವೆ. ಚರ್ಚಿನಲ್ಲಿ 2013ರಿಂದ ಅದೇ ಗೋಡೆಯ ಮೇಲೆ ಪ್ರೊಜೆಕ್ಟರ್ ಬೆಳಕಿನಲ್ಲಿ ಚಿತ್ರ ಮೂಡಿಸಿ ತೋರಿಸುತ್ತಾರೆ. ಇಷ್ಟು ಕಥೆ ಇರುವ ಗೋಡೆಯ ಬಗ್ಗೆ ಕಿಟ್‌ನ ಪುಸ್ತಿಕೆಯಲ್ಲಿ ಎರಡೇ ಸಾಲು! ಮಾಡು ಬಿಚ್ಚಿ ಒಳಗೆ ನೋಡುವಂತೆ ಮಾಡಿ, ಆ ಚಿತ್ರದ ಒಂದು ಚಿಕ್ಕ ಪ್ರಿಂಟ್ ಕೊಟ್ಟಿದ್ದರೆ ಸಾಕಿತ್ತು.

ಕೊಳ್ಳುವವರು ಅಂಟನ್ನು ಬೇರೆ ತಂದಿಟ್ಟುಕೊಳ್ಳಿ. ಪೆಟ್ಟಿಗೆಯಲ್ಲಿ ಬಂದದ್ದು ನಮ್ಮ ಬಿಸಿಲಿಗೆ ಬೇಗ ಗಟ್ಟಿಯಾಗುತ್ತದೆ. ಮರಗೆಲಸದವರು ಬಳಸುವ ಬಿಳಿ ಅಂಟು ಚೆನ್ನಾಗಿ ಹಿಡಿಯುತ್ತದೆ. ಫ್ಯಾನ್ ಮಾತ್ರ ಆರಿಸಿ ಕೂತುಕೊಳ್ಳಿ.