ಜರ್ಮನಿಯಲ್ಲಿ ಎಲ್‌ಎಲ್‌ಎಂ: ಯೂನಿ-ಅಸಿಸ್ಟ್‌ಗೆ ಕೊಡುವ 75 ಯೂರೋ ಸಾರ್ಥಕವೇ?

ಇಲ್ಲಿ ಎಲ್‌ಎಲ್‌ಬಿ ಮುಗಿಸಿ ಜರ್ಮನಿಗೆ ಎಲ್‌ಎಲ್‌ಎಂ ಅರ್ಜಿ ಹಾಕಿದರೆ ಅನೇಕ ವಿಶ್ವವಿದ್ಯಾಲಯಗಳು ಅದನ್ನು ಮೊದಲು ಬರ್ಲಿನ್‌ನ ಯೂನಿ-ಅಸಿಸ್ಟ್ ಮೂಲಕವೇ ಕಳಿಸಿ ಎನ್ನುತ್ತವೆ. ವಿದೇಶಿ ಅಂಕಪಟ್ಟಿಗಳನ್ನು ಒಂದೇ ಕಡೆ ಪರಿಶೀಲಿಸಲು 2003ರಲ್ಲಿ ವಿಶ್ವವಿದ್ಯಾಲಯಗಳೇ ಸೇರಿ ಮಾಡಿಕೊಂಡ ಸಂಸ್ಥೆ ಇದು. ದಾಖಲೆ ಪೂರ್ತಿ ಇದೆಯೇ, ಪದವಿಗೆ ಮಾನ್ಯತೆ ಇದೆಯೇ, ಅಂಕ ಜರ್ಮನ್ ಲೆಕ್ಕದಲ್ಲಿ ಎಷ್ಟಾಗುತ್ತದೆ ಎಂದು ನೋಡಿ ಫೈಲ್ ಮುಂದಕ್ಕೆ ಕಳಿಸುವುದಷ್ಟೇ ಇದರ ಕೆಲಸ. ಸೀಟು ಕೊಡುವುದು, ಬಿಡುವುದು ವಿಶ್ವವಿದ್ಯಾಲಯದ ಕೈಯಲ್ಲಿದೆ. ತನ್ನ ಪರಿಶೀಲನೆಯ ಕೆಲಸವನ್ನು ಯೂನಿ-ಅಸಿಸ್ಟ್ ಅಚ್ಚುಕಟ್ಟಾಗಿ ಮಾಡುತ್ತದೆ, ಕೊಟ್ಟ ದುಡ್ಡಿಗೆ ಮೋಸವಿಲ್ಲ. ತೊಂದರೆ ಬರುವುದು ಸಮಯದ ವಿಷಯದಲ್ಲಿ.

ಶುಲ್ಕ ಒಂದು ಸೆಮಿಸ್ಟರ್‌ನ ಮೊದಲ ಅರ್ಜಿಗೆ 75 ಯೂರೋ, ನಂತರದ ಪ್ರತಿ ಅರ್ಜಿಗೆ 30. ಮೂರು ಕಡೆ ಹಾಕಿದರೆ 135 ಯೂರೋ. ಹಣ ತಲುಪುವವರೆಗೆ ಫೈಲ್ ತೆರೆಯುವುದೇ ಇಲ್ಲ. ಕಾರ್ಡ್‌ನಲ್ಲಿ ಕಟ್ಟುವುದು ವಾಸಿ. ಬ್ಯಾಂಕ್ ಮೂಲಕ ಕಳಿಸಿದರೆ ನಡುವಿನ ಬ್ಯಾಂಕುಗಳು ತಮ್ಮ ಪಾಲು ಹಿಡಿದುಕೊಂಡು 75ರ ಬದಲು ಅರವತ್ತು ಚಿಲ್ಲರೆ ಯೂರೋ ಮುಟ್ಟಬಹುದು, ಆಗ ಶುಲ್ಕ ಪೂರ್ತಿ ಬಂದಂತಾಗುವುದಿಲ್ಲ. ಬ್ಯಾಂಕೇ ಗತಿ ಎಂದಾದರೆ ಎಲ್ಲ ಚಾರ್ಜೂ ಕಳಿಸುವವರದ್ದೇ ಎಂಬ ಆಯ್ಕೆ ಹಾಕಿಸಿ, ಅರ್ಜಿದಾರರ ಸಂಖ್ಯೆ ಬರೆಸಿ.

ಅಂಕದ ಲೆಕ್ಕವನ್ನು ಅರ್ಜಿಗೆ ಮೊದಲೇ ನೀವೇ ಮಾಡಿಕೊಳ್ಳಿ. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ. ಉಳಿದದ್ದನ್ನು ಗರಿಷ್ಠ ಅಂಕಕ್ಕೂ ಪಾಸಾಗಲು ಬೇಕಾದ ಕನಿಷ್ಠ ಅಂಕಕ್ಕೂ ಇರುವ ವ್ಯತ್ಯಾಸದಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ. 100ಕ್ಕೆ 62 ಬಂದಿದ್ದು, ಪಾಸಿಗೆ 40 ಬೇಕಿದ್ದರೆ ಉತ್ತರ 2.9. ಅದೇ 62ಕ್ಕೆ ಪಾಸಿನ ಅಂಕ 50 ಎಂದು ಹಿಡಿದರೆ 3.28. ಜರ್ಮನಿಯಲ್ಲಿ 1 ಅತ್ಯುತ್ತಮ, 4 ಪಾಸಿನ ಅಂಚು. ಹಾಗಾಗಿ ಈ ವ್ಯತ್ಯಾಸ ಸಣ್ಣದಲ್ಲ, ಕೋರ್ಸ್ ಕೇಳುವ ಮಿತಿಯ ಒಳಗೋ ಹೊರಗೋ ಎಂಬುದು ಇದರ ಮೇಲೇ ನಿಲ್ಲಬಹುದು. ಪಾಸಿನ ಅಂಕ ಅಥವಾ ಗ್ರೇಡ್ ಪಟ್ಟಿ ಬಹಳ ಸಲ ಮಾರ್ಕ್ಸ್ ಕಾರ್ಡಿನ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ. ಹೆಚ್ಚಿನವರು ಮುಂಬದಿ ಮಾತ್ರ ಸ್ಕ್ಯಾನ್ ಮಾಡಿ ಹಾಕುತ್ತಾರೆ. ಎರಡೂ ಬದಿ, ಮೂಲ ಪ್ರತಿಯಿಂದ, ಬಣ್ಣದಲ್ಲಿ ಸ್ಕ್ಯಾನ್ ಮಾಡಿ. ಹಿಂಬದಿ ಖಾಲಿ ಇದ್ದರೆ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಿಂದ ಪತ್ರ ತೆಗೆದುಕೊಳ್ಳಿ.

ಐದು ವರ್ಷದ ಕೋರ್ಸ್ ಮಾಡಿದವರು ಹತ್ತೂ ಸೆಮಿಸ್ಟರ್‌ನ ಕಾರ್ಡ್ ಹಾಕಬೇಕು. ಮೂರು ವರ್ಷದ ಎಲ್‌ಎಲ್‌ಬಿಯವರು ಆರು ಕಾರ್ಡ್‌ಗಳ ಜೊತೆಗೆ ಮೊದಲ ಪದವಿಯ ಕಾಗದಗಳನ್ನೂ ಸೇರಿಸಬೇಕು. ಫೇಲಾಗಿ ಮತ್ತೆ ಬರೆದ ಪೇಪರ್ ಇದ್ದರೆ ಆ ಕಾರ್ಡನ್ನೂ ಬಿಡಬೇಡಿ. ನಮ್ಮ ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ಕನ್ನಡದ ಜೊತೆ ಇಂಗ್ಲಿಷೂ ಇರುವುದರಿಂದ ಅನುವಾದದ ಖರ್ಚು ಸಾಮಾನ್ಯವಾಗಿ ಬೀಳುವುದಿಲ್ಲ. ಕರ್ನಾಟಕದವರಿಗೆ ನಿಜವಾಗಿ ತಲೆನೋವು ತರುವುದು ಇನಿಷಿಯಲ್: ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಮುಂದೆ ‘ಕೆ. ಎಸ್.’, ಪಾಸ್‌ಪೋರ್ಟಿನಲ್ಲಿ ಊರು, ತಂದೆ ಹೆಸರು ಬಿಡಿಸಿ ಬರೆದಿರುತ್ತದೆ. ಇಬ್ಬರೂ ಒಬ್ಬರೇ ಎಂದು ಹೇಳುವ ನೋಟರಿ ಅಫಿಡವಿಟ್ ಒಂದನ್ನು ಮೊದಲೇ ಮಾಡಿಸಿ ಜೊತೆಗಿಡಿ.

ಇದಕ್ಕೆಲ್ಲ ಮೊದಲು ಎಪಿಎಸ್ ಪ್ರಮಾಣಪತ್ರ. ದೆಹಲಿಯ ಜರ್ಮನ್ ರಾಯಭಾರ ಕಚೇರಿಗೆ ಸೇರಿದ ಈ ವಿಭಾಗ ನಿಮ್ಮ ಶೈಕ್ಷಣಿಕ ದಾಖಲೆ ಅಸಲಿ ಎಂದು ದೃಢೀಕರಿಸುತ್ತದೆ. ಶುಲ್ಕ 18,000 ರೂಪಾಯಿ. 2022ರ ನವೆಂಬರ್ 1ರಿಂದ ವಿದ್ಯಾರ್ಥಿ ವೀಸಾಕ್ಕೆ ಇದು ಕಡ್ಡಾಯ, ಡಾಡ್ (ಜರ್ಮನ್ ಶೈಕ್ಷಣಿಕ ವಿನಿಮಯ ಸಂಸ್ಥೆ) ಕೊಡುವಂಥ ಸರ್ಕಾರಿ ಹಣದ ವಿದ್ಯಾರ್ಥಿವೇತನ ಪಡೆದವರಿಗೆ ವಿನಾಯಿತಿ. ಕೊನೆಯ ಸೆಮಿಸ್ಟರ್ ಫಲಿತಾಂಶಕ್ಕೆ ಕಾಯುತ್ತಾ ಇದನ್ನು ಮುಂದೂಡುವವರು ವರ್ಷವನ್ನೇ ಕಳೆದುಕೊಳ್ಳುತ್ತಾರೆ.

ಈಗ ಆ ಸಮಯದ ವಿಷಯ. ದಾಖಲೆಯೂ ಹಣವೂ ಪೂರ್ತಿ ತಲುಪಿದ ಮೇಲೆ ಯೂನಿ-ಅಸಿಸ್ಟ್ ನಾಲ್ಕರಿಂದ ಆರು ವಾರ ತೆಗೆದುಕೊಳ್ಳುತ್ತದೆ. ಚಳಿಗಾಲದ ಸೆಮಿಸ್ಟರ್‌ಗೆ ಹಲವು ಕಡೆ ಗಡುವು ಜುಲೈ 15, ಕೆಲವು ಎಲ್‌ಎಲ್‌ಎಂಗಳಿಗೆ ಇನ್ನೂ ಮೊದಲೇ. ಜುಲೈ 10ಕ್ಕೆ ಅರ್ಜಿ ಹಾಕಿದರೆ, ಒಂದು ಕಾಗದ ಕಮ್ಮಿ ಎಂಬ ಉತ್ತರ ಬರುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ಕಟ್ಟಿದ ಶುಲ್ಕವೂ ವಾಪಸ್ ಬರುವುದಿಲ್ಲ. ಎಂಟು ವಾರ ಮುಂಚೆ ಹಾಕಿ, ಪೋರ್ಟಲ್‌ನ ಇನ್‌ಬಾಕ್ಸನ್ನು ದಿನಾ ತೆಗೆದು ನೋಡಿ. ಕೆಲವು ವಿಶ್ವವಿದ್ಯಾಲಯಗಳು ‘ವಿಪಿಡಿ’ ಎಂಬ ಪೂರ್ವಪರಿಶೀಲನಾ ಪತ್ರ ಮಾತ್ರ ಕೇಳುತ್ತವೆ. ಅದನ್ನು ಯೂನಿ-ಅಸಿಸ್ಟ್‌ನಿಂದ ಪಡೆದು, ವಿಶ್ವವಿದ್ಯಾಲಯದ ಪೋರ್ಟಲ್‌ನಲ್ಲಿ ನೀವೇ ಇನ್ನೊಂದು ಅರ್ಜಿ ಹಾಕಬೇಕು. ವಿಪಿಡಿ ಕೈಗೆ ಬಂತು, ಕೆಲಸ ಮುಗಿಯಿತು ಎಂದುಕೊಂಡು ಸುಮ್ಮನೆ ಕೂತರೆ ಅರ್ಜಿಯೇ ಇಲ್ಲದಂತಾಗುತ್ತದೆ.

75 ಯೂರೋ ಕಟ್ಟುವ ಮುನ್ನ ಕೋರ್ಸ್‌ನ ಭಾಷೆ ನೋಡಿ. ವಿದೇಶಿ ಕಾನೂನು ಪದವೀಧರರಿಗೆಂದೇ ಇರುವ ಸಾಮಾನ್ಯ ಎಲ್‌ಎಲ್‌ಎಂನಲ್ಲಿ ಜರ್ಮನ್ ಕಾನೂನನ್ನು ಜರ್ಮನ್‌ನಲ್ಲೇ ಕಲಿಸುತ್ತಾರೆ. ಜರ್ಮನ್ ಭಾಷಾ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಕೇಳುವುದು ಡಿಎಸ್‌ಎಚ್‌ನ 2ನೇ ಮಟ್ಟ ಅಥವಾ ಟೆಸ್ಟ್‌ಡಾಫ್‌ನ ನಾಲ್ಕೂ ಭಾಗದಲ್ಲಿ 4. ಬೆಂಗಳೂರಿನ ಇಂದಿರಾನಗರದ ಗೋಥೆ ಇನ್‌ಸ್ಟಿಟ್ಯೂಟ್‌ನಲ್ಲಿ ಆರಂಭದ ಹಂತವಾದ ಎ1ರಿಂದ ಶುರು ಮಾಡಿದವರಿಗೆ ಆ ಮಟ್ಟ ತಲುಪಲು ವರ್ಷಗಳೇ ಬೇಕು. ಇಂಗ್ಲಿಷ್‌ನಲ್ಲೇ ಓದಬೇಕೆಂದರೆ ಮ್ಯೂನಿಕ್‌ನ ಎಂಐಪಿಎಲ್‌ಸಿ ಎಂಬ ಕೇಂದ್ರದಲ್ಲಿ ಬೌದ್ಧಿಕ ಆಸ್ತಿ ಕಾನೂನು ಇದೆ, ಫ್ರಾಂಕ್‌ಫರ್ಟ್‌ನ ಗೋಥೆ ವಿಶ್ವವಿದ್ಯಾಲಯದ ಐಎಲ್‌ಎಫ್ ಎಂಬ ಸಂಸ್ಥೆಯಲ್ಲಿ ಹಣಕಾಸು ಕಾನೂನು ಇದೆ. ಎಂಐಪಿಎಲ್‌ಸಿ ಅರ್ಜಿಯನ್ನು ತಾನೇ ತೆಗೆದುಕೊಳ್ಳುತ್ತದೆ, ಅಲ್ಲಿಗೆ ಯೂನಿ-ಅಸಿಸ್ಟ್ ಖರ್ಚು ಬೇಡ. ಯಾವ ಎಲ್‌ಎಲ್‌ಎಂ ಮಾಡಿದರೂ ಅಷ್ಟರಿಂದಲೇ ಜರ್ಮನಿಯಲ್ಲಿ ವಕೀಲಿಕೆ ಮಾಡಲಾಗದು, ಆ ದಾರಿ ಎರಡು ರಾಜ್ಯ ಪರೀಕ್ಷೆಗಳದ್ದು.

ಹೈಡಲ್‌ಬರ್ಗ್, ಫ್ರೈಬುರ್ಗ್, ಟ್ಯೂಬಿಂಗನ್ ಆರಿಸಿದವರು ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ ಐರೋಪ್ಯ ಒಕ್ಕೂಟದ ಹೊರಗಿನವರಿಂದ ವಸೂಲಿ ಮಾಡುವ ಸೆಮಿಸ್ಟರ್‌ಗೆ 1,500 ಯೂರೋವನ್ನು ಬಜೆಟ್‌ಗೆ ಸೇರಿಸಿಕೊಳ್ಳಿ. ವೀಸಾಕ್ಕೆ ತೋರಿಸುವ ಬ್ಲಾಕ್ಡ್ ಅಕೌಂಟ್‌ನ (ಮೊದಲೇ ಹಣ ಇಟ್ಟು, ಮುಂದೆ ತಿಂಗಳಿಗಿಷ್ಟು ಎಂದು ಮಾತ್ರ ತೆಗೆಯಬಹುದಾದ ಖಾತೆ) 11,904 ಯೂರೋ ಇದರಿಂದ ಬೇರೆ. ಅದು ಅಲ್ಲಿ ತಿಂಗಳಿಗೆ 992ರಂತೆ ನಿಮ್ಮ ಊಟ, ಬಾಡಿಗೆಗೇ ವಾಪಸ್ ಬರುವ ಹಣ, ಫೀಸಿಗೆ ಅದನ್ನು ಲೆಕ್ಕ ಹಿಡಿಯಬೇಡಿ.